ಪ್ರಭಾವಳಿಯ ಹಿಂದೆ ಗುಂಯ್‌ಗುಡುವ ಅಡಾಪ್ಟರ್ ಮಹಾಶಯರಿಗೆ

ಮಾನ್ಯರೇ,

ಪ್ಲಗ್ ಪಾಯಿಂಟೆಂಬ ಸಿಂಹಾಸನದಲ್ಲಿ ಎರಡು ಕಾಲನ್ನೂ ಭದ್ರವಾಗಿ ಊರಿ ಕುಳಿತಿರುವ, ಗೋಡೆಯಿಂದ ಮಹಾವಿದ್ಯುತ್ತನ್ನು ನುಂಗಿ ಹನ್ನೆರಡು ವೋಲ್ಟನ್ನಷ್ಟೇ ಪ್ರಸಾದದಂತೆ ಹೊರಗೆ ನೀಡುವ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕರಿಯ ದೇಹದಿಂದ ಬಾಣಸವಾಡಿಯ ಅರ್ಧ ಆಕಾಶವನ್ನೇ ಗದ್ದಲದಲ್ಲಿ ಮುಳುಗಿಸಬಲ್ಲ ಪರಾಕ್ರಮಶಾಲಿಗಳಾದ ತಮ್ಮ ಸನ್ನಿಧಾನಕ್ಕೆ, ಗೋಡೆಯ ಈಚೆ ಬದಿಯಲ್ಲಿ ವಾಸಿಸುವ ನಿವೃತ್ತ ಕಾರ್ಮಿಕನೂ, ಹವ್ಯಾಸಿ ರೇಡಿಯೊಗಾರನೂ, ಒಂದು ಕಾಲದ ರಾಜಾಪಾರ್ಟಿನ ನಟನೂ ಆದ ಚಂದ್ರಾಮಪ್ಪನು ಕಿರೀಟ ಕಳಚಿ ಕಂಕುಳಲ್ಲಿಟ್ಟುಕೊಂಡು ಮಾಡುವ ಸಾಷ್ಟಾಂಗ ವಂದನೆಗಳು. ತಾವು ಅಲ್ಲಿ ಬೆಚ್ಚಗಿದ್ದೀರೆಂದು ನಂಬಿದ್ದೇನೆ. ಮುಟ್ಟಿ ನೋಡಿದವರು ಸ್ವಲ್ಪ ಹೆಚ್ಚೇ ಬೆಚ್ಚಗಿದ್ದೀರೆಂದು ಹೇಳುತ್ತಾರೆ. ಮೈ ಕಡೆ ಜೋಪಾನ.

ತಮ್ಮ ಹುದ್ದೆಯ ಹಿರಿಮೆಯನ್ನು ನಾನು ಬಲ್ಲೆ. ನಮ್ಮ ನೆರೆಮನೆಯ ಹಿರಿಯರಾದ ಚಿಕ್ಕಮುನಿಯಮ್ಮನವರ ದೇವರ ಕೋಣೆಯಲ್ಲಿ ಗಂಗಮ್ಮ ತಾಯಿಯ ಪಟವಿದೆ. ಪಟದ ಹಿಂದೆ ಕೆಂಪು, ಹಸಿರು, ಹಳದಿ ಮಿಣುಕುದೀಪಗಳು ಚಕ್ರದಂತೆ ಸುತ್ತುವ ಪ್ರಭಾವಳಿಯಿದೆ. ಆ ಪ್ರಭಾವಳಿಗೆ ಜೀವ ಕೊಡುವವರು ತಾವು. ದೇವಿಗೆ ತೇಜಸ್ಸನ್ನು ಒದಗಿಸುವ ಕೆಲಸ ಯಾರಿಗುಂಟು ಯಾರಿಗಿಲ್ಲ! ಆದರೆ ಸ್ವಾಮೀ, ತೇಜಸ್ಸನ್ನು ಪಟದ ಕಡೆಗೆ ಕಳಿಸುವಾಗಲೇ ತಾವು ಇನ್ನೊಂದು ಕಡೆಯಿಂದ ಹೊರಗೆ ಬಿಡುವ ಆ ‘ಗುಂಯ್ಯ್‌ಯ್’ ಎಂಬ ನಾದವಿದೆಯಲ್ಲ, ಮನುಷ್ಯರ ಕಿವಿಗೆ ಕೇಳದೆ ರೇಡಿಯೊದ ಕಿವಿಗೆ ಮಾತ್ರ ಕೇಳುವ ಆ ಮಹಾನಾದ, ಅದರ ಬಗ್ಗೆಯೇ ಈ ಅರಿಕೆ. ಸಾವಿರ ಜೀರುಂಡೆಗಳನ್ನು ಹಂಡೆಯಲ್ಲಿ ತುಂಬಿ, ಮುಚ್ಚಳ ಹಾಕಿ, ಹಂಡೆಯನ್ನು ನನ್ನ ತಲೆಗೆ ತೊಡಿಸಿದಂತಿರುವ ಆ ನಾದಕ್ಕೆ ಸರಿಸಾಟಿಯಾದುದನ್ನು ಕಲಬುರಗಿ ಕಡೆಯ ನಾಟಕದ ಟೆಂಟುಗಳಲ್ಲಿ ಬಾಲ್ಯ ಕಳೆದ ನಾನು ಯುದ್ಧದ ಸೀನಿನಲ್ಲೂ ಕೇಳಿರಲಿಲ್ಲ.

ನನ್ನ ಕಷ್ಟವನ್ನು ಬಿನ್ನವಿಸಿಕೊಳ್ಳುತ್ತೇನೆ, ಮಿಣುಕುತ್ತಲೇ ಆಲಿಸಬೇಕು. ಕೃಷ್ಣರಾಜಪುರದ ಕಡೆಯ ಕಾರ್ಖಾನೆಯೊಂದರಲ್ಲಿ ನನ್ನ ಜೊತೆ ದುಡಿದವನು ಶಿವಾಜಿನಗರದ ಹಾಶಿಮ್. ಕಾರ್ಖಾನೆಯ ಕಲಾಸಂಘದ ನಾಟಕಗಳಲ್ಲಿ ನಾನು ರಾಜ, ಅವನು ದ್ರೋಹಿ. ವರ್ಷ ವರ್ಷವೂ ನಾನು ಅವನನ್ನು ಕೊಲ್ಲುತ್ತಿದ್ದೆ, ವರ್ಷ ವರ್ಷವೂ ಚಪ್ಪಾಳೆ ಅವನಿಗೇ ಬೀಳುತ್ತಿತ್ತು. ನಿವೃತ್ತಿಯಾದ ಮೇಲೆ ಅವನು ಹೆಂಡತಿಯ ಊರಾದ ಅಂಡಮಾನಿನ ದ್ವೀಪವೊಂದಕ್ಕೆ ಹೊರಟುಹೋದ. ನಾವಿಬ್ಬರೂ ಹ್ಯಾಮ್ ರೇಡಿಯೊ ಪರವಾನಗಿ ಪಡೆದವರಾದ್ದರಿಂದ ಸಮುದ್ರ ಅಡ್ಡ ಬಂದರೂ ನಾಟಕ ನಿಲ್ಲಲಿಲ್ಲ. ಪ್ರತಿ ಭಾನುವಾರ ಒಬ್ಬರ ಸರದಿ, ಒಂದೇ ಒಂದು ಸಂಭಾಷಣೆ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಿಗೆ ಒಗ್ಗಿಸಿ, ಚುಕ್ಕೆ-ಗೀಟುಗಳ ಮೋರ್ಸ್ ಸಂಕೇತದಲ್ಲಿ, ನಾವು ‘ಕಟ್ಟೆ’ ಎನ್ನುವ ಒತ್ತುಗುಂಡಿಯ ಮೇಲೆ ಟಕಟಕನೆ ಕುಟ್ಟಿ ಕಳಿಸುವುದು. ಕೇಳಿಸಿಕೊಂಡವನು ತಕ್ಷಣ ಪ್ರತಿಮಾತು ಹೊಸೆಯುವುದು. ಹವ್ಯಾಸಿ ರೇಡಿಯೊದಲ್ಲಿ ಮನರಂಜನೆ ಪ್ರಸಾರ ಮಾಡಕೂಡದೆಂಬ ನಿಯಮ ನಮಗೂ ಗೊತ್ತು. ನಾವು ಪ್ರಸಾರವನ್ನೆಲ್ಲಿ ಮಾಡುತ್ತೇವೆ? ಹಳೆಯ ಗೆಳೆಯರಿಬ್ಬರು ಕುಶಲ ಮಾತಾಡಿಕೊಳ್ಳುತ್ತೇವೆ, ಅಷ್ಟೇ. ಒಬ್ಬ ವಜ್ರಬಾಹು ಮಹಾರಾಜನಾಗಿ, ಇನ್ನೊಬ್ಬ ಅವನ ಕೋಟೆಯನ್ನು ಕಸಿದುಕೊಂಡ ಸೇನಾಪತಿಯಾಗಿ.

ಈ ನಾಟಕ ಈಗ ಕಡೆಯ ಅಂಕದಲ್ಲಿದೆ. ಕೋಟೆಯ ಹೆಬ್ಬಾಗಿಲಿನ ಹೊರಗೆ ನಾನು, ಒಳಗೆ ಅವನು. ನಾನು ನನ್ನ ಜೀವಮಾನದ ಶ್ರೇಷ್ಠ ಮಾತನ್ನು ಕಟ್ಟೆಯ ಮೇಲೆ ಕುಟ್ಟಿದೆ: “ಎಲೈ ದ್ರೋಹಿ! ಕೋಟೆಯ ಬಾಗಿಲು ತೆರೆಯುತ್ತೀಯೋ, ಇಲ್ಲ ನಿನ್ನ ಎದೆಯ ಬಾಗಿಲನ್ನೇ ತೆರೆಯಲೋ?” ಆಹಾ! ಕುಟ್ಟಿ ಮುಗಿಸಿ, ಮೀಸೆಯ ಮೇಲೆ ಕೈಯಾಡಿಸಿ, ಉತ್ತರಕ್ಕಾಗಿ ಕಿವಿಗೊಟ್ಟೆ. ಸರಿಯಾಗಿ ಅದೇ ಗಳಿಗೆಯಲ್ಲಿ, ಗೋಡೆಯ ಆಚೆ, ಹೊಸದಾಗಿ ನೇಮಕಗೊಂಡ ತಾವು ಅಧಿಕಾರ ಸ್ವೀಕರಿಸಿದಿರಿ. ಗುಂಯ್ಯ್‌ಯ್! ಸೇನಾಪತಿಯ ಉತ್ತರ ತಮ್ಮ ಹೊಟ್ಟೆಯಲ್ಲಿ ಕರಗಿಹೋಯಿತು.

ಹೊತ್ತು ಬದಲಾಯಿಸಿಕೊಳ್ಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಕೇಳುವುದು ಸುಲಭ ಪ್ರಭುವೇ. ಹಾಶಿಮನ ಪುಟ್ಟ ಪೆಟ್ಟಿಗೆಯ ಸಣ್ಣ ದನಿ ಹಗಲಿನಲ್ಲಿ ಸಮುದ್ರ ದಾಟುವುದಿಲ್ಲ. ಅವನ ದ್ವೀಪದಲ್ಲಿ ನಮಗಿಂತ ಮುಂಚೆ ಕತ್ತಲಾಗಿ, ಮಗ್ರಿಬ್ ನಮಾಜು ಮುಗಿದು, ಇಶಾ ನಮಾಜಿಗೆ ಮೊದಲು ಸಿಗುವ ಬಿಡುವಿನಲ್ಲಿ ಅವನು ಕಟ್ಟೆಯ ಮುಂದೆ ಕೂರುತ್ತಾನೆ. ಅವನ ಎರಡು ನಮಾಜುಗಳ ನಡುವಿನ ಆ ಹೊತ್ತೇ ನಮ್ಮಲ್ಲಿ ದೇವರಿಗೆ ದೀಪ ಹಚ್ಚುವ ಹೊತ್ತು. ಅಲ್ಲಿ ಅವನು ಬಾಯಿ ತೆರೆಯಬೇಕು, ಇಲ್ಲಿ ತಾವು ಬಾಯಿ ತೆರೆಯಬೇಕು. ಇಬ್ಬರ ಭಕ್ತಿಯ ನಡುವೆ ಸಿಕ್ಕಿಕೊಂಡವನು ನಾನು.

ತಮ್ಮ ವಿಳಾಸ ಪತ್ತೆ ಮಾಡಲು ನಾನು ಪಟ್ಟ ಪಾಡನ್ನು ಹೇಳಿದರೆ ತಮಗೆ ಹೆಮ್ಮೆಯೆನಿಸೀತು. ಅಂಗೈಯಲ್ಲಿ ಸಣ್ಣ ಟ್ರಾನ್ಸಿಸ್ಟರ್ ಹಿಡಿದು, ಅದು ಎಲ್ಲಿ ಹೆಚ್ಚು ಕಿರುಚುತ್ತದೋ ಅತ್ತ ನಡೆಯುತ್ತ, ಬೀದಿಯ ಪ್ರತಿಯೊಂದು ಗೋಡೆಗೂ ಅದನ್ನು ಒತ್ತಿ ಒತ್ತಿ ಆಲಿಸುತ್ತ ಬಂದೆ. ಡಾಕ್ಟರು ರೋಗಿಯ ಎದೆ ಪರೀಕ್ಷಿಸಿದಂತೆ ನಾನು ಕಾಂಪೌಂಡುಗಳ ಎದೆ ಪರೀಕ್ಷಿಸಿದೆ. ಚಿಕ್ಕಮುನಿಯಮ್ಮನವರ ದೇವರ ಕೋಣೆಯ ಕಿಟಕಿಯ ಬಳಿ ಬಂದಾಗ ಟ್ರಾನ್ಸಿಸ್ಟರು ಮೈಮೇಲೆ ಬಂದವರಂತೆ ಅರಚತೊಡಗಿತು. ಒಳಗೆ ಹೋಗಿ ಕೈಮುಗಿದು, “ಅಮ್ಮಾ, ಭಾನುವಾರ ಒಂದು ಸ್ವಲ್ಪ ಹೊತ್ತು ಮಾತ್ರ ಈ ಪ್ರಭಾವಳಿ ಆರಿಸಿದರೆ ನನ್ನ ಗೆಳೆಯನ ದನಿ ಕೇಳುತ್ತದೆ” ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಅಲ್ಲಪ್ಪ ಚಂದ್ರಾಮಪ್ಪ, ದೀಪ ಹಚ್ಚೋ ಹೊತ್ನಲ್ಲಿ ಆರ್ಸು ಅಂತೀಯಲ್ಲ, ಬಾಯಲ್ ಬರುತ್ತಾ ಆ ಮಾತು? ಬಾಗ್ಲಿಗೆ ಬಂದ್ ಲಕ್ಷ್ಮೀನ ಕತ್ ಹಿಡ್ದು ಆಚೆ ತಳ್ಳು ಅನ್ನು, ಅದೊಂದ್ ಬಾಕಿ ಐತೆ.” ಎಣ್ಣೆದೀಪ ಉರಿಯುತ್ತಿದೆಯಲ್ಲ ಅಮ್ಮಾ ಎಂದದ್ದಕ್ಕೆ, “ಎಣ್ಣೆದೀಪ ಬೆಳಕಿಗೆ, ಇದು ತಾಯಿ ತೇಜಸ್ಸಿಗೆ. ನೀನು ಮಖಕ್ ಬಣ್ಣ ಹಚ್ಕೊಂಡ್ ಕುಣಿದೋನು, ನಿಂಗೆ ತಿಳೀಬೇಡ್ವಾ?” ಎಂದರು. ವಜ್ರಬಾಹು ಮಹಾರಾಜನು ಟ್ರಾನ್ಸಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಹಿಂದಿರುಗಿದನು.

ಇಷ್ಟರಲ್ಲಿ ಎರಡನೆಯ ಭಾನುವಾರವೂ ತಮ್ಮ ಪಾಲಾಯಿತು. ಹಾಶಿಮ್ ಫೋನಿನಲ್ಲಿ ದನಿಸಂದೇಶ ಕಳಿಸಿದ. “ಅರೆ ಯಾರ್, ಕೇಳಿಸ್ಲಿಲ್ಲ ಕೇಳಿಸ್ಲಿಲ್ಲ ಅಂತ ಬಹಾನಾ ಬೇಡ. ಡೈಲಾಗ್ ಹೊಳೀಲಿಲ್ಲ ಅಂತ ಒಪ್ಕೋ ಮಗಾ. ಬರೋ ಭಾನುವಾರನೂ ಜವಾಬು ಬರ್ಲಿಲ್ಲಾ ಅಂದ್ರೆ ಕೋಟೆ ನಂದು, ಕಿರೀಟ ನಂದು, ತೆರೆ ಬಿತ್ತು. ನಾಟಕ ಖಲಾಸ್!” ಆ ಮಾತನ್ನು ಫೋನಿನಲ್ಲೇ ಹೇಳಿಬಿಡು ಮಾರಾಯ ಎಂದು ಬೇಡಿದೆ. “ರಂಗದ ಮೇಲೆ ಆಡೋ ಮಾತನ್ನ ಗ್ರೀನ್ ರೂಮಲ್ಲಿ ಹೇಳ್ತಾರೇನೋ?” ಎಂದು ಫೋನ್ ಇಟ್ಟುಬಿಟ್ಟ. ಗಮನಿಸಬೇಕು ಮಾನ್ಯರೇ. ಕಾರ್ಖಾನೆಯ ನೌಕರಿ ಮುಗಿದಿದೆ, ಟೆಂಟುಗಳು ಮುಚ್ಚಿವೆ, ನನ್ನ ರಾಜಾಪಾರ್ಟಿನ ಜರಿ ಅಂಗಿ ಹೊಟ್ಟೆಯ ಬಳಿ ಗುಂಡಿ ಹಾಕಲು ಒಪ್ಪುವುದಿಲ್ಲ. ಈ ಭೂಮಂಡಲದಲ್ಲಿ ನಾನು ರಾಜನಾಗಿ ಉಳಿದಿರುವ ಜಾಗ ಅದೊಂದೇ. ಅದೂ ಹೋದರೆ ನಾನು ಬರೀ ಚಂದ್ರಾಮಪ್ಪ.

ಆದ್ದರಿಂದ ನಾನು ತಮ್ಮ ವಿರುದ್ಧ ಸೈನ್ಯ ಕಟ್ಟಿದೆ. ಕಡಿಮೆ ಗದ್ದಲದಲ್ಲಿ ದೂರದ ದನಿಯನ್ನು ಆಲಿಸುವ ಆಂಟೆನಾಗಳ ಒಂದು ಸಾಲು. ಟೀವಿ ಕೇಬಲ್ಲನ್ನು ಬಿದಿರಿನ ಕೋಲಿನ ಮೇಲೆ ದುಂಡಗೆ ಬಾಗಿಸಿ ಮಾಡಿದ ನಾಲ್ಕು ದೊಡ್ಡ ಬಳೆಗಳು, ಒಂದೊಂದಕ್ಕೂ ಬುಡದಲ್ಲಿ ಒಂದು ಪುಟ್ಟ ಡಬ್ಬಿ, ಡಬ್ಬಿಯಿಂದ ನನ್ನ ರೇಡಿಯೊ ಕೋಣೆಗೆ ಉದ್ದದ ತಂತಿ. ಇವು ಮಾತಾಡುವ ಆಂಟೆನಾಗಳಲ್ಲ, ಕಿವಿಗಳು ಮಾತ್ರ. ಉಪಾಯ ಹೀಗೆ: ಪಶ್ಚಿಮದ ಗೋಡೆಯಾಚೆಯಿಂದ ಹೊರಟ ತಮ್ಮ ಗದ್ದಲ ಮೊದಲು ಒಂದು ಬಳೆಗೆ ಬಡಿಯುತ್ತದೆ, ತುಸು ತಡವಾಗಿ ಇನ್ನೊಂದಕ್ಕೆ. ಒಂದರಲ್ಲಿ ಬಂದ ಗದ್ದಲವನ್ನು ತಲೆಕೆಳಗು ಮಾಡಿ ಇನ್ನೊಂದರ ಗದ್ದಲದ ಮೇಲೆ ಹಾರಿಸಿದರೆ, ಎರಡೂ ಪರಸ್ಪರ ಕತ್ತಿನ ಪಟ್ಟಿ ಹಿಡಿದು, ಅಲ್ಲೇ ಬಿದ್ದು, ಅಲ್ಲೇ ಸಾಯುತ್ತವೆ. ಪೂರ್ವದ ಸಮುದ್ರದ ಕಡೆಯಿಂದ ಬರುವ ಹಾಶಿಮನ ದನಿ ಮಾತ್ರ ಮೈ ಕೊಡವಿಕೊಂಡು ಎದ್ದು ನಿಲ್ಲುತ್ತದೆ. ಭಳಿರೇ! ಶತ್ರುವನ್ನು ಶತ್ರುವಿನ ಕೈಯಲ್ಲೇ ಹೊಡೆಸುವ ಇಂಥ ತಂತ್ರವನ್ನು ನಾನು ಆಡಿದ ಯಾವ ನಾಟಕದ ಮಂತ್ರಿಯೂ ಹೂಡಿರಲಿಲ್ಲ.

ಆದರೆ ಬಳೆಗಳ ನಡುವೆ ಅಂತರ ಬೇಕು, ನನ್ನ ತಾರಸಿಯೋ ಒಂದು ಚಾಪೆ. ಎರಡು ಬಳೆ ನನ್ನಲ್ಲಿ ನಿಂತವು. ಉಳಿದೆರಡಕ್ಕೆ ಪೂರ್ವದ ಪಕ್ಕದಲ್ಲಿರುವ ಐದಂತಸ್ತಿನ ಬಾಡಿಗೆ ಕಟ್ಟಡದ ಮೇಲೆ ಕಣ್ಣಿಟ್ಟೆ. ಕಟ್ಟಡದ ಒಡೆಯರು ಚಿಕ್ಕಮುನಿಯಮ್ಮನವರ ಮಗ ಮುನಿಆಂಜನಪ್ಪ. ಅವರ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಇವರು ಬಾಡಿಗೆದಾರರನ್ನು ಬೆಳೆಯುತ್ತಾರೆ. “ಟವರ್‌ನೋರು ಬಂದಿದ್ರು ಸಾರ್, ರೇಡಿಯೇಷನ್ ಬರುತ್ತೆ ಅಂತ ಅವ್ವ ಬೇಡ ಅಂದ್ಬಿಟ್ಲು. ನಿಮ್ದ್ರಲ್ಲಿ ಏನ್ ಬರುತ್ತೆ?” ಎಂದು ಕೇಳಿದರು. ಏನೂ ಹೊರಗೆ ಬರುವುದಿಲ್ಲ, ಎಲ್ಲವೂ ಒಳಗೇ ಹೋಗುವುದು, ಇವು ಅಂಡಮಾನಿನ ದನಿ ಹಿಡಿಯುವ ಬರೀ ಕಿವಿಗಳು ಎಂದೆ. ಮುನಿಆಂಜನಪ್ಪನವರ ಮುಖ ಅರಳಿತು, ದನಿ ತಗ್ಗಿಸಿ, “ಹಂಗಾದ್ರೆ ಸಾರ್, ನಮ್ ಬಾಡಿಗೆಯೋರು ರಾತ್ರೋರಾತ್ರಿ ಖಾಲಿ ಮಾಡೋ ಮಾತಾಡ್ಕೊಂಡ್ರೆ ಇದ್ರಲ್ಲಿ ಕೇಳುತ್ತಾ?” ಎಂದರು. ಕೇಳುವುದಿಲ್ಲ ಎಂದೆ. “ಅಂಡಮಾನ್ ಕೇಳುತ್ತೆ, ಎರಡನೇ ಫ್ಲೋರ್ ಕೇಳಲ್ವಾ? ಎಂಥ ಕಿವಿ ಸಾರ್ ಇದು!” ಎಂದು ಬಹಳ ನೊಂದುಕೊಂಡರು. ಆದರೂ ದೊಡ್ಡ ಮನಸ್ಸು ಮಾಡಿ ಒಪ್ಪಿದರು, ಒಂದೇ ಷರತ್ತಿನ ಮೇಲೆ: ನೀರಿನ ಟ್ಯಾಂಕಿನ ಮೇಲೆ ಗಂಗಮ್ಮನ ಬಾವುಟವಿದೆ, ಬಳೆಗಳು ಅದಕ್ಕಿಂತ ಎತ್ತರ ಹೋಗಕೂಡದು. ಆಲಿಸುವ ಬಳೆಗೆ ಎದೆಯೆತ್ತರ ಸಾಕು; ದೇವಿಗೂ ವಿಜ್ಞಾನಕ್ಕೂ ಅಂದು ಜಗಳವಾಗಲಿಲ್ಲ.

ಬಳೆಗಳನ್ನು ನಿಲ್ಲಿಸಿ, ತಂತಿಗಳನ್ನು ಎಳೆದು, ಗದ್ದಲ ಕಳೆಯುವ ಪೆಟ್ಟಿಗೆಗೆ ಜೋಡಿಸಿ, ಕೆಳಗೆ ಬಂದು ಆಲಿಸಿದರೆ ನಾಲ್ಕನೆಯ ಕಿವಿ ಕಿವುಡಾಗಿತ್ತು. ಮತ್ತೆ ಹತ್ತಿ ಹೋದೆ. ನನ್ನ ಪ್ರೀತಿಯ ಬಳೆಯ ಮೇಲೆ, ಆರು ಸೀರೆಗಳನ್ನು ಸೇರಿಸಿ ಹೊಲಿದ ಒಂದು ಒದ್ದೆ ಕೌದಿ, ಆನೆಯ ಮೇಲಿನ ಜೂಲಿನಂತೆ, ನೀರು ತೊಟ್ಟಿಕ್ಕಿಸುತ್ತ ರಾರಾಜಿಸುತ್ತಿತ್ತು. ತಾರಸಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿರುವ ಹುಸೇನಮ್ಮ, ನಮ್ಮ ಯಾದಗಿರಿ ಕಡೆಯ ಹೆಣ್ಣುಮಗಳು, ನನ್ನನ್ನು ಕಂಡು ಸಂಭ್ರಮದಿಂದ, “ಕಾಕಾ, ಇದನ್ನ ನೀವಾ ಹಚ್ಚೀರೇನ್ರಿ? ಭಾಳ ಪುಣ್ಯ ಬರ್ತದ ನಿಮಗ. ಹಗ್ಗದ ಮ್ಯಾಲ ಹಾಕಿದ್ರ ಕೌದಿ ಮಡಚಿ ಬೀಳ್ತದ, ಇದರ ಮ್ಯಾಲ ಹಾಕಿದ್ರ ಎರಡೂ ಕಡಿ ಗಾಳಿ ಆಡ್ತದ ನೋಡ್ರಿ. ಇನ್ನೊಂದ್ ನಾಕು ಹಚ್ಚಿಬಿಡ್ರಿ, ಎಲ್ಲಾರಿಗೂ ಆಗ್ತದ” ಎಂದಳು. ನಾನು ಕೌದಿಯ ನೀರಿನಿಂದ ಬಳೆಗೆ ಬರುವ ಸಂಕಟವನ್ನೂ, ಹಾಶಿಮನ ಕಥೆಯನ್ನೂ, ಕೋಟೆಯನ್ನೂ, ಕತ್ತಿಯನ್ನೂ, ಬರುವ ಭಾನುವಾರದ ಗಡುವನ್ನೂ ನಿಂತ ನಿಲುವಿನಲ್ಲೇ, ಟ್ಯಾಂಕಿಗೆ ಒಂದು ಕೈ ಕೊಟ್ಟು, ಅಭಿನಯ ಸಮೇತ ನಿರೂಪಿಸಿದೆ. ಅವಳು ಬಾಯಿ ಬಿಟ್ಟು ಕೇಳಿದಳು. “ಹಂಗಾರ ಒಳಗಿದ್ದಾಂವ ಏನಂದಾನೋ ನಿಮಗ ಇನ್ನೂ ಗೊತ್ತೇ ಇಲ್ಲೇನ್ರಿ? ಅಯ್ಯ ಶಿವನ, ನನಗ ನಿದ್ದಿ ಹತ್ತಂಗಿಲ್ಲ ಇನ್ನ!” ಎಂದು ಕೌದಿಯನ್ನು ಎಳೆದು ಹೆಗಲಿಗೆ ಹಾಕಿಕೊಂಡಳು.

ಶನಿವಾರ ಸಂಜೆ ತಮ್ಮ ದರ್ಬಾರು ಶುರುವಾದೊಡನೆ ನಾನು ಪೆಟ್ಟಿಗೆಯ ಗುಂಡಿಗೆ ಕೈಯಿಟ್ಟೆ. ಇಲ್ಲಿ ಒಂದು ಸತ್ಯವನ್ನು ನಾಚಿಕೆಯಿಲ್ಲದೆ ಹೇಳಬೇಕು: ತಮ್ಮನ್ನು ಅಡಗಿಸುವ ಸ್ಥಾನ ಹುಡುಕಲು ತಾವು ಕೂಗುತ್ತಲೇ ಇರಬೇಕು. ಒಂದು ಕೂದಲೆಳೆಯಷ್ಟು ಎಡಕ್ಕೆ, ಅರ್ಧ ಕೂದಲೆಳೆಯಷ್ಟು ಬಲಕ್ಕೆ ತಿರುಗಿಸುತ್ತ ಹೋದಂತೆ ತಾವು ಗದರಿದಿರಿ, ಗೊಣಗಿದಿರಿ, ಪಿಸುಗುಟ್ಟಿದಿರಿ, ಆಮೇಲೆ ಇದ್ದಕ್ಕಿದ್ದಂತೆ ಇಲ್ಲವಾದಿರಿ. ಅಬ್ಬಾ, ಆ ಮೌನ! ಗುಂಡಿಯ ಪಕ್ಕದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಯಾರೂ ಇಲ್ಲದ ಕೋಣೆಯಲ್ಲಿ ಎದ್ದು ನಿಂತು, ನನಗೆ ನಾನೇ ಚಪ್ಪಾಳೆ ತಟ್ಟಿದೆ.

ಇನ್ನು ಭಾನುವಾರ. ಮಾನ್ಯರೇ, ತಮ್ಮ ಪ್ರತಾಪದ ನಿಜವಾದ ಅಧ್ಯಾಯ ಇದು. ಸಂಜೆಗತ್ತಲು ಇಳಿಯಿತು, ನಾನು ಜರಿ ಪೇಟ ಸುತ್ತಿಕೊಂಡು ರೇಡಿಯೊದ ಮುಂದೆ ಕುಳಿತೆ, ಗುಂಡಿ ಗುರುತಿನ ಮೇಲೇ ಇತ್ತು. ಗುಂಯ್ಯ್‌ಯ್‌ಯ್! ಯಾವತ್ತಿನ ಗುಂಯ್ ಅಲ್ಲ. ಅಣ್ಣನನ್ನೂ ಅಪ್ಪನನ್ನೂ ಕರೆದುಕೊಂಡು ಬಂದ ಗುಂಯ್. ಹೆಡ್‌ಫೋನ್ ಕಿತ್ತೆಸೆದು ಬೀದಿಗೆ ಓಡಿದರೆ, ಚಿಕ್ಕಮುನಿಯಮ್ಮನವರು ಗೇಟಿನ ಬಳಿ ದಾನ ಕೊಟ್ಟವರ ಮುಖದಲ್ಲಿ ನಿಂತಿದ್ದಾರೆ. “ಹುಸೇನಮ್ಮ ಎಲ್ಲಾ ಹೇಳಿದ್ಲು ಕಣಪ್ಪ. ಅಷ್ಟ್ ದೂರದಿಂದ ಕರೀತಾನಂತೆ ಪಾಪ, ಕೇಳ್ದೆ ಇದ್ರೆ ಹೆಂಗೆ? ನಿನ್ ಗೋಡೆ ಪಕ್ಕ ಇದ್ರೇ ತಾನೆ ತೊಂದ್ರೆ? ಅದಕ್ಕೇ ದೀಪ ಹಚ್ಚೋಕೆ ಮುಂಚೆನೇ ತಾಯೀನ ಪ್ರಭಾವಳಿ ಸಮೇತ ಆ ಬಿಲ್ಡಿಂಗ್ ಮೇಲಕ್ಕೆ ಕಳ್ಸ್ಬಿಟ್ಟೆ. ಹುಸೇನಮ್ಮನ ರೂಮಲ್ಲಿ ಕೂತವ್ಳೆ. ಇನ್ ಆರಾಮಾಗ್ ಕೇಳ್ಕೋ ಹೋಗು.”

ಕರುಣೆಯೆಂದರೆ ಇದು! ನನಗಾಗಿ ದೇವಿಯೇ ಮನೆ ಬಿಟ್ಟಿದ್ದಳು. ಬಿಟ್ಟವಳು ನೇರವಾಗಿ ನನ್ನ ನಾಲ್ಕನೆಯ ಬಳೆಯ ಬುಡಕ್ಕೆ, ಒಂದೇ ಒಂದು ತಗಡಿನ ಸೂರಿನ ಕೆಳಕ್ಕೆ ಬಂದು ಕುಳಿತಿದ್ದಳು. ದೂರದಿಂದ ನಾಲ್ಕು ಕಿವಿಗೂ ಸಮನಾಗಿ ಕೂಗುವವನನ್ನು ಅಡಗಿಸಬಹುದು. ಒಂದು ಕಿವಿಗೆ ಬಾಯಿಟ್ಟು ಅರಚುವವನನ್ನು ನನ್ನ ಪೆಟ್ಟಿಗೆ ಏನು ಮಾಡೀತು? ಅಲ್ಲಿ ಹಾಶಿಮ್ ಆಗಲೇ ಕಟ್ಟೆ ಹಿಡಿದಿದ್ದಾನೆ. ಅವನದೊಂದು ಪದ್ಧತಿ, ತನ್ನ ಮಾತನ್ನು ಮೂರು ಸಲ ಕುಟ್ಟುತ್ತಾನೆ, ಉತ್ತರಕ್ಕೆ ಕಾಯುತ್ತಾನೆ, ನಮಾಜಿಗೆ ಏಳುತ್ತಾನೆ. ಹಚ್ಚಿಯಾದ ದೀಪವನ್ನು ಆರಿಸಿ ಎನ್ನುವ ಧೈರ್ಯ ನನಗೆ ಮತ್ತೆ ಬರಲಿಲ್ಲ. ಆಗ ಹೊಳೆಯಿತು: ಹನ್ನೆರಡು ವೋಲ್ಟು! ಕರೆಂಟು ಹೋದರೆ ರೇಡಿಯೊಗಿರಲಿ ಎಂದು ನಾನು ಇಟ್ಟುಕೊಂಡಿರುವ ಕಾರಿನ ಬ್ಯಾಟರಿಯೂ ಹನ್ನೆರಡು ವೋಲ್ಟೇ! ಗದೆಯನ್ನೆತ್ತಿದಂತೆ ಅದನ್ನು ಹೆಗಲಿಗೇರಿಸಿ ಕಟ್ಟಡಕ್ಕೆ ನುಗ್ಗಿದೆ. ಲಿಫ್ಟು ನಿಂತಿತ್ತು. ಪಕ್ಕದಲ್ಲಿ ಮುನಿಆಂಜನಪ್ಪನವರು ಕೈಕಟ್ಟಿಕೊಂಡು ನಗುತ್ತ, “ನಾನೇ ಆಫ್ ಮಾಡ್ಸಿದ್ದೀನಿ ಸಾರ್. ನಿಮ್ ನಾಟಕ ಮುಗಿಯೋವರ್ಗೂ ಇಲ್ಲಿ ಒಂದ್ ಮೋಟ್ರು ತಿರುಗ್ಬಾರ್ದು ಅಂತ ಹೇಳ್ಬಿಟ್ಟಿದ್ದೀನಿ” ಎಂದರು. ಇಷ್ಟು ಜನರ ಪ್ರೀತಿಯನ್ನು ಹೊತ್ತು ಐದು ಅಂತಸ್ತು ಹತ್ತುವುದು ಎಂಥ ಭಾರದ ಕೆಲಸವೆಂದು ಆ ಬ್ಯಾಟರಿಯನ್ನು ಕೇಳಬೇಕು, ಅಥವಾ ನನ್ನ ಮೊಣಕಾಲನ್ನು.

ಹುಸೇನಮ್ಮ ಹೊಸಿಲಿಗೆ ರಂಗೋಲಿ ಹಾಕಿ, ಕೌದಿ ಮಡಿಸಿ ಪೀಠ ಮಾಡಿ, ದೇವಿಯನ್ನು ಕೂರಿಸಿದ್ದಳು. ತಾವು ಗೋಡೆಯಲ್ಲಿ ಬೆವರುತ್ತ ರಾಜ್ಯಭಾರ ಮಾಡುತ್ತಿದ್ದಿರಿ. ಪ್ರಭಾವಳಿಯ ತಂತಿಯ ಸಿಪ್ಪೆ ಸುಲಿದು, ಎರಡು ಕ್ಲಿಪ್ಪು ಕಚ್ಚಿಸಿ, ಮೊದಲು ಬ್ಯಾಟರಿಯನ್ನು ಸೇರಿಸಿ, ಆಮೇಲೆ, ದೇವಿಯ ತೇಜಸ್ಸು ಒಂದು ಚಣವೂ ಕುಂದದಂತೆ, ತಮ್ಮನ್ನು ಸಿಂಹಾಸನದಿಂದ ಕಿತ್ತೆ. ಕೈ ಸುಟ್ಟಿತು. ಬೇಸರವಿಲ್ಲ, ರಾಜರನ್ನು ಇಳಿಸುವಾಗ ಅಷ್ಟು ಬಿಸಿ ಇದ್ದದ್ದೇ. ದೇವಿಯ ಪ್ರಭಾವಳಿ ಮೊದಲಿಗಿಂತ ಪ್ರಕಾಶವಾಗಿ ಸುತ್ತತೊಡಗಿತು. “ಏಳ್ರಿ ಕಾಕಾ, ಓಡ್ರಿ!” ಎಂದು ಹುಸೇನಮ್ಮ ನನಗಿಂತ ಮುಂದೆ ಮೆಟ್ಟಿಲಿಳಿದಳು.

ನನ್ನ ರೇಡಿಯೊ ಕೋಣೆಯಲ್ಲಿ ಒಂದು ಕುರ್ಚಿ ಇದೆ, ಅದರಲ್ಲಿ ಚಿಕ್ಕಮುನಿಯಮ್ಮನವರು ಕುಳಿತಿದ್ದರು. ಹಾಗಾಗಿ ಮಹಾರಾಜನು ನೆಲದ ಮೇಲೆ ಕುಳಿತನು. ಹೆಡ್‌ಫೋನಿನ ತಂತಿ ಕಿತ್ತು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ. ಗುಂಡಿ ತಿರುಗಿಸಿದೆ. ಬೆನ್ಸನ್ ಟೌನಿನಿಂದ ಶಿವಾಜಿನಗರದವರೆಗೆ ಪಶ್ಚಿಮದ ಇನ್ವರ್ಟರುಗಳು, ಚಾರ್ಜರುಗಳು, ಮಿಣುಕುದೀಪಗಳು, ತಮ್ಮ ಸಕಲ ಕುಲಬಾಂಧವರು, ಶಾಲೆಯ ಮಕ್ಕಳು ಮೇಷ್ಟರನ್ನು ಕಂಡಂತೆ ಒಬ್ಬೊಬ್ಬರಾಗಿ ಕೆಳಗೆ ಕುಳಿತರು. ಆ ನಿಶ್ಶಬ್ದದ ತಳದಿಂದ, ಸಮುದ್ರದಾಚೆಯಿಂದ, ನೂಲಿನಷ್ಟು ತೆಳ್ಳಗೆ, ಆದರೆ ಗಂಟಿಲ್ಲದೆ, ಬಂದಿತು: ಟೀ… ಟೀ. ಹಾಶಿಮ್! ಗಡಿಯಾರ ನೋಡಿದರೆ, ಮೂರನೆಯ ಸಲದ ಮೊದಲ ಅಕ್ಷರ! ನಾನು ಒಂದೊಂದೇ ಪದವನ್ನು ಎತ್ತರದ ದನಿಯಲ್ಲಿ ನುಡಿಯುತ್ತ ಹೋದೆ.

“ಮಹಾರಾಜ… ಬಾಗಿಲು… ಮೊದಲಿನಿಂದಲೂ… ತೆರೆದೇ ಇದೆ. ತಾವು… ತಳ್ಳಿಯೇ… ನೋಡಲಿಲ್ಲ.”

ಎಂಥ ಮಾತು! ನನ್ನ ಮುತ್ತಿಗೆ, ನನ್ನ ಸೈನ್ಯ, ತಿಂಗಳುಗಟ್ಟಲೆ ಝಳಪಿಸಿದ ಕತ್ತಿ, ಎದೆಯ ಬಾಗಿಲಿನ ಆ ಡೈಲಾಗು, ಎಲ್ಲವನ್ನೂ ಒಂದೇ ಉಸಿರಿಗೆ ಊದಿ ಹಾರಿಸಿದ್ದ ಖದೀಮ. ಕಟ್ಟೆಯ ಮೇಲೆ ಬೆರಳಿಟ್ಟೆ. ಇಷ್ಟೆಲ್ಲ ಮಾಡಿ ಆ ಮಾತನ್ನು ಕೇಳಿಸಿಕೊಂಡ ನನಗೆ, ಆಡಲು ಒಂದು ಪ್ರತಿಮಾತೂ ಹೊಳೆಯಲಿಲ್ಲ. ಹೊತ್ತು ಜಾರುತ್ತಿತ್ತು, ಅಲ್ಲಿ ಅವನು ಚಾಪೆ ಹಾಸಲು ಏಳುವವನಿದ್ದ, ಕಿರೀಟ ನನ್ನ ತಲೆಯಿಂದ ಆಗಲೇ ಅರ್ಧ ಸರಿದಿತ್ತು.

ಆಗ ಕುರ್ಚಿಯಿಂದ ಗರ್ಜನೆ ಕೇಳಿತು. “ತೆರ್ದೇ ಐತಂತಲ್ಲ! ಒಳಕ್ ಹೋಗೋ ಮತ್ತೆ! ಯಾವ್ ಸೀಮೆ ರಾಜನೋ ನೀನು, ಉಣ್ಣೋ ಹೊತ್ನಲ್ಲಿ ಬಾಗ್ಲಲ್ ನಿಂತ್ಕೊಂಡು ಕತ್ತಿ ಆಡಿಸ್ತೀಯ! ಇಬ್ರೂ ಕೈ ತೊಳ್ಕೊಂಡ್ ಬನ್ನಿ, ಬಡಿಸ್ತೀನಿ!”

ಹುಸೇನಮ್ಮ ಚಪ್ಪಾಳೆ ಹೊಡೆದಳು. ಬಾಗಿಲಲ್ಲಿ ನಿಂತಿದ್ದ ಮುನಿಆಂಜನಪ್ಪನವರು ಶಿಳ್ಳೆ ಹಾಕಿದರು. ನಾನು ಒಂದಕ್ಷರ ತಿದ್ದದೆ, ತಿದ್ದುವ ಯೋಗ್ಯತೆಯಿಲ್ಲದೆ, ಆ ಮಾತನ್ನು ಹಾಗೆಯೇ ಕುಟ್ಟಿದೆ. ಸಮುದ್ರದಾಚೆಯಿಂದ ಬಂದಿತು: ಟಿಟಿಟಿಟಿ ಟಿಟಿ, ಟಿಟಿಟಿಟಿ ಟಿಟಿ. ಅದು ಮೋರ್ಸಿನಲ್ಲಿ ನಗುವ ರೀತಿ; ದ್ರೋಹಿ ಉಸಿರು ತೆಗೆದುಕೊಳ್ಳದೆ ನಗುತ್ತಿದ್ದ. ಕೊನೆಗೆ ಕೇಳಿದ: “ಇದು ನಿನ್ನ ಮಾತಲ್ಲ. ನೀನು ಹೊಟ್ಟೆಗೆ ಹತ್ತಿರವಾದ ಮಾತನ್ನು ಎಂದೂ ಆಡಿದವನಲ್ಲ. ಯಾರು ಈ ಪಾತ್ರ?” ರಾಜಮಾತೆ ಎಂದು ಕುಟ್ಟಿದೆ. “ರಾಜಮಾತೆಗೆ ಶರಣು. ಕತ್ತಿ ಕೆಳಗಿಟ್ಟೆ. ಅಡುಗೆ ಏನೆಂದು ಮುಂದಿನ ಭಾನುವಾರ ಅವರೇ ಅಪ್ಪಣೆ ಕೊಡಿಸಬೇಕು” ಎಂದು ಹೇಳಿ ನಮಾಜಿಗೆ ಎದ್ದುಹೋದ. ಚಿಕ್ಕಮುನಿಯಮ್ಮನವರು ಸೆರಗು ಸರಿಪಡಿಸಿಕೊಂಡು ರೇಡಿಯೊದ ಕಡೆ ನೋಡಿ, “ಅಷ್ಟೇನಾ? ಇನ್ನೊಂದ್ ಮಾತ್ ಹೇಳ್ಬೋದಿತ್ತಲ್ಲ ನಾನು” ಎಂದರು.

ಈಗ ನನ್ನ ಬಿನ್ನಹಗಳು. ತಮ್ಮಂಥ ಸಾರ್ವಭೌಮರು ವಾರದಲ್ಲಿ ಒಂದು ಸಂಜೆ ರಜೆ ತೆಗೆದುಕೊಂಡು ಹಲಸೂರು ಕೆರೆಯ ಕಡೆ ಗಾಳಿ ಸೇವನೆಗೆ ಹೋಗಿಬರಬೇಕು. ಅದು ಸಾಧ್ಯವಿಲ್ಲವಾದರೆ ಗುಂಯ್‌ಗುಡುವ ಬದಲು ಸದ್ದಿಲ್ಲದೆ ತಲೆಯಾಡಿಸುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಅದೂ ಆಗದಿದ್ದರೆ ಸೀದಾ ಮೋರ್ಸ್ ಕಲಿತು, ನಮ್ಮ ನಾಟಕದಲ್ಲಿ ಹೊರಗಿನಿಂದ ಕೂಗುವ ಪ್ರಜೆಗಳ ಪಾರ್ಟು ವಹಿಸಿಕೊಳ್ಳಬೇಕು. ಗದ್ದಲ ಮಾಡುವ ಪಾತ್ರವೇ, ತಮಗೆ ಹೇಳಿ ಮಾಡಿಸಿದ್ದು. ಕೃಷ್ಣರಾಜಪುರದಿಂದ ಇಂದಿರಾನಗರದವರೆಗಿರುವ ತಮ್ಮ ಅಣ್ಣತಮ್ಮಂದಿರಿಗೂ ಈ ಮಾತನ್ನು ಗೋಡೆಯೊಳಗಿನ ತಂತಿಗಳ ಮೂಲಕ ತಲುಪಿಸಿದರೆ ಉಪಕಾರವಾಗುತ್ತದೆ. ಅದಕ್ಕೆಂದೇ ಇದನ್ನು ಬಹಿರಂಗವಾಗಿ ಬರೆದಿದ್ದೇನೆ. ಮಾತಿನ ಭರದಲ್ಲಿ ನಿಷ್ಠುರವಾಗಿದ್ದರೆ ಕ್ಷಮೆಯಿರಲಿ. ಶತ್ರುವಾದರೂ ತಾವಿಲ್ಲದಿದ್ದರೆ ನಾನು ಆ ನಾಲ್ಕು ಬಳೆ ಕಟ್ಟುತ್ತಿರಲಿಲ್ಲ, ನಮ್ಮ ನಾಟಕಕ್ಕೆ ಒಬ್ಬ ರಾಜಮಾತೆ ಸಿಗುತ್ತಿರಲಿಲ್ಲ.

ತಮ್ಮ ಬಿಸಿ ಇನ್ನೂ ಎರಡು ಬೆರಳಿನ ಮೇಲೆ ಉಳಿದಿರುವ, ಆದರೂ ಮನಸ್ಸಿನಲ್ಲಿ ಬೊಬ್ಬೆಯಿಲ್ಲದ,
ತಮ್ಮ ವಿಶ್ವಾಸಿ,
ಚಂದ್ರಾಮಪ್ಪ
ಬಾಣಸವಾಡಿ

ಮರೆತ ಮಾತು: ಮೇಲಿನ ಬಿನ್ನಹಗಳ ಬಗ್ಗೆ ತಾವು ನಿದ್ದೆಗೆಡಬೇಕಾಗಿಲ್ಲ. ಇದನ್ನು ಬರೆದು ಮುಗಿಸುವಷ್ಟರಲ್ಲಿ ಚಿಕ್ಕಮುನಿಯಮ್ಮನವರು ಕಾಂಪೌಂಡಿನ ಮೇಲಿಂದ ಇಣುಕಿ, ಸೊಪ್ಪಿನ ಸಾರು, ಮುದ್ದೆ, ಅವರೆಕಾಳು ಹುಳಿ, ಇಷ್ಟನ್ನೂ ಒಂದೇ ಡೈಲಾಗಿನಲ್ಲಿ ಹೇಳಬಹುದೋ ಎರಡು ಭಾನುವಾರ ಬೇಕೋ ಎಂದು ವಿಚಾರಿಸಿದರು. ಆಮೇಲೆ ದನಿ ತಗ್ಗಿಸಿ, “ನೋಡಪ್ಪ, ನನ್ ಮಾತಿಗೆ ಅವ್ನು ಏನಂತಾನೋ ಒಂದಕ್ಷರ ಬಿಡ್ದಂಗೆ ಕೇಳ್ಬೇಕು. ಆ ಕರಿ ಡಬ್ಬಾನ ಭಾನುವಾರ ಪ್ಲಗ್ಗಿಗೇ ಹಾಕಲ್ಲ. ಎಣ್ಣೆದೀಪ ಸಾಕು ತಾಯಿಗೆ, ಅವ್ಳಿಗೂ ಕಣ್ ಕುಕ್ಕುತ್ತಂತೆ” ಎಂದರು. ನನ್ನ ನಾಲ್ಕು ಬಳೆಗಳೂ ಒಂದು ಕಾರಿನ ಬ್ಯಾಟರಿಯೂ ಒಂದು ಸಂಜೆಗಿಂತ ಹೆಚ್ಚು ಅಲ್ಲಾಡಿಸಲಾಗದ ತಮ್ಮನ್ನು ಒಂದು ಸಣ್ಣ ಪಾರ್ಟು ಕಿತ್ತುಹಾಕಿತಲ್ಲ ಮಾನ್ಯರೇ. ತಾವು ದೇವಿಗೆ ತೇಜಸ್ಸು ಕೊಟ್ಟಿರಿ ನಿಜ, ಭಕ್ತೆಗೆ ಒಂದು ಡೈಲಾಗನ್ನಾದರೂ ಕೊಡಬಾರದಿತ್ತೇ?